ವಿಜಯಪುರದ ಕಿವಿಬಾಗಿಲಲ್ಲಿ ಆಡಿದ ಮಾತು

ಬೇಸಿಗೆಯ ಇನ್ನೂರ ಹನ್ನೊಂದನೆಯ ದಿನ, ಇಸವಿ ೨೩೬೧
ತೇಲೂರು, ಕಾರವಾರದ ಕಡಲು

ನನ್ನ ಮುತ್ತಜ್ಜಿಯರಿಗೂ ಮುತ್ತಜ್ಜಿಯಾದ ನಿಮಗೆ ಸುಗಂಧಿಯ ನಮಸ್ಕಾರ.

ತಾರೀಖು ನೋಡಿ ಹುಬ್ಬೇರಿಸಬೇಡಿ; ನಾವು ತಿಂಗಳುಗಳ ಲೆಕ್ಕ ಬಿಟ್ಟು ಎಷ್ಟೋ ಕಾಲವಾಯಿತು. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ತೇಲೂರು ಎಂದರೆ ಕಡಲ ಮೇಲೆ ತೇಲುವ ನಮ್ಮ ಊರು. ಇಲ್ಲಿ ಹಿಡಿಗಾತ್ರದ ಕಲ್ಲೂ ಇಲ್ಲ. ಹಾಗಾಗಿ ಹಳೆಯ ವಿಜಯಪುರವನ್ನು ಕಣ್ತುಂಬ ನೋಡಬೇಕೆಂದು ಚಿಕ್ಕಂದಿನಿಂದಲೂ ಆಸೆಯಿತ್ತು. ಆದರೆ ಆ ಊರಿಗೆ ಜೀವಮಾನದಲ್ಲಿ ಒಂದೇ ಸಲ, ಒಂದೇ ಹಗಲು ಹೋಗಬಹುದು. ಜನರ ಓಡಾಟಕ್ಕೆ ಕಲ್ಲು ಸವೆಯುತ್ತದೆಂದು ಈ ಕಟ್ಟಳೆ. ನನ್ನ ಸರದಿ ಬಂದದ್ದು ಐವತ್ತೆರಡನೆಯ ವಯಸ್ಸಿಗೆ.

ಹೋದವರಿಗೆ ಅಲ್ಲಿನ ಒಂದು ಮನೆಯವರು ಊಟ ಹಾಕಿ ಊರು ತೋರಿಸುತ್ತಾರೆ. ನನಗೆ ಸಿಕ್ಕವರು ತಾಜ್ ಬಾವಡಿಯ ಹಿಂದಿನ ಓಣಿಯ ಖುರ್ಷಿದಾಬಿ, ಎಂಬತ್ತನಾಲ್ಕರ ಹೆಂಗಸು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಸಾಕೆಂದರೂ ಕೇಳಲಿಲ್ಲ. ತೇಲೂರಿನವರು ಗಾಳಿ ತಿಂದು ಬದುಕುತ್ತೀರೇನು ಎಂದು ಛೇಡಿಸಿದರು. ಗೋಳಗುಮ್ಮಟದೊಳಗೆ ಈಗ ದಿನಕ್ಕೆ ಒಬ್ಬರಿಗೆ ಮಾತ್ರ ದನಿ ತೆಗೆಯಲು ಅಪ್ಪಣೆ. ಅಂದು ಅದು ನನಗೇ ಸಿಕ್ಕಿತ್ತು. ಏನು ಹೇಳಲಿ ಎಂದು ಯೋಚಿಸುತ್ತಿರುವಾಗಲೇ ಹಾಳಾದ ಸೀನು ಬಂತು! ಏಳು ಸಲ ಅದು ಮರಳಿ ಕೇಳಿಸಿತು. ಖುರ್ಷಿದಾಬಿ ಬಾಯಿಗೆ ಸೆರಗು ಒತ್ತಿ ನಕ್ಕರು. ಇಬ್ರಾಹಿಂ ರೋಜಾದ ಕಲ್ಲಿನ ಅಕ್ಷರಗಳನ್ನು ಮುಟ್ಟಬಾರದು; ಕಾವಲಿನವನು ಆಚೆ ತಿರುಗಿದಾಗ ಅವರೇ ನನ್ನ ಬೆರಳು ಹಿಡಿದು ಮುಟ್ಟಿಸಿದರು. ನಾನು ಅತ್ತುಬಿಟ್ಟೆ.

ಸಂಜೆ ಅವರು ಊರ ಬಾಗಿಲವರೆಗೂ ಕಳಿಸಲು ಬಂದರು. ಅದನ್ನು ಕಿವಿಬಾಗಿಲು ಎನ್ನುತ್ತೇವೆ. ಹೊರಡುವವರು ‘ಹೋಗುತ್ತೇನೆ’ ಎಂದರೆ ಮಾತ್ರ ತೆರೆಯುತ್ತದೆ. ‘ಬರುತ್ತೇನೆ’ ಎಂದರೆ ಕಟ್ಟಳೆ ಮುರಿಯುವ ಉದ್ದೇಶವೆಂದು ಎಣಿಸುತ್ತದೆ. ಒಂದು ತಪ್ಪಿಗೆ ಕ್ಷಮೆಯುಂಟು, ಎರಡನೆಯದಕ್ಕೆ ಉಂಡ ಮನೆಯವರನ್ನೇ ಊರು ಬಿಡಿಸುತ್ತಾರೆ. ಬಾಗಿಲಿಗೆ ಈ ನಿಯಮ ಬರೆದವನು ಕನ್ನಡದ ಮನೆಯಲ್ಲಿ ಬೆಳೆದವನಲ್ಲ, ಬಿಡಿ. ಖುರ್ಷಿದಾಬಿಯ ಕೈ ಹಿಡಿದು, ರೂಢಿಯಂತೆ, “ಹೋಗಿ ಬರ್ತೀನಮ್ಮಾ” ಎಂದುಬಿಟ್ಟೆ.

ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಇನ್ನೊಮ್ಮೆ ತಪ್ಪಿದರೆ ಈ ವಯಸ್ಸಿನಲ್ಲಿ ಅವರಿಗೆ ಮನೆಯಿಲ್ಲ. ‘ಹೋಗುತ್ತೇನೆ’ ಎನ್ನಬೇಕು, ಅಷ್ಟೇ. ಆದರೆ ಉಣ್ಣಿಸಿದ ಮುದಿಜೀವದ ಮುಖ ನೋಡಿ ಆ ಅಪಶಕುನದ ಮಾತನ್ನು ಹೇಗೆ ಆಡಲಿ?

ಖುರ್ಷಿದಾಬಿ ನನ್ನನ್ನು ಪಕ್ಕಕ್ಕೆ ಸರಿಸಿದರು. “ಆ ಮಾತು ನಿನ್ನ ಬಾಯಾಗ ಬ್ಯಾಡ. ನನ್ನ ವಯಸ್ಸಿಗೆ ಒಪ್ಪತೈತಿ,” ಎಂದು ಬಾಗಿಲಿನತ್ತ ತಿರುಗಿ, ಗಟ್ಟಿಯಾಗಿ, “ನಾ ಹೋಗ್ತೀನಿ” ಎಂದರು. ಯಾರ ದನಿಯೆಂದು ಆ ಬಾಗಿಲಿಗೆ ಗೊತ್ತಾಗುವುದಿಲ್ಲ, ತೆರೆಯಿತು. ಆಮೇಲೆ ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ಈಗ ನೀ ಹೋಗಿ ಬಾ, ಬೇ.”

ಅಜ್ಜಿ, ನಿಮ್ಮ ಕಾಲದ ವಿಜಯಪುರಕ್ಕೆ ಕಿವಿಯಿಲ್ಲ. ಖುರ್ಷಿದಾಬಿಯ ಹಿರಿಯರು ಆ ಓಣಿಯಲ್ಲೇ ಎಲ್ಲೋ ರೊಟ್ಟಿ ಬಡಿಯುತ್ತಿರಬೇಕು. ನೀವು ಒಮ್ಮೆ ಹೋಗಿ ನೋಡಿ ಬಂದಿದ್ದರೆ, ದಯವಿಟ್ಟು ನನ್ನ ಪರವಾಗಿ ಇನ್ನೊಮ್ಮೆ ಹೋಗಿ. ನಾನು ಬರ್ತೀನಿ ಎಂದು ಹೇಳಿದ್ದೇನೆ.