ಕಿವಿ ಹೋದ ಮಾವನ ನರಿಬೇಟೆ

ಕೆಂಟಕಿ ಗುಡ್ಡಸೀಮೆ, ಜನವರಿ 1937

ಅಕ್ಕಾ, ಎಲ್ಲರೂ ಕ್ಷೇಮ ತಾನೆ?

ಇಲ್ಲಿನವರ ನರಿಬೇಟೆಗೆ ಬಂದೂಕು ಬೇಡ. ಚಳಿಗಾಲದ ರಾತ್ರಿ ನಾಯಿಗಳನ್ನು ಬಿಟ್ಟು, ಗುಡ್ಡದ ನೆತ್ತಿಯಲ್ಲಿ ಬೆಂಕಿ ಹಾಕಿಕೊಂಡು ಕೂತು, ಕತ್ತಲಲ್ಲಿ ಯಾರ ನಾಯಿಯ ಕೂಗು ಮುಂದಿದೆ ಎಂದು ಕೇಳುವುದೇ ಬೇಟೆ. ನನ್ನ ಮಾವ ಹೋಬರ್ಟ್ ನಲವತ್ತು ವರ್ಷ ಹಾಗೆ ಕೇಳಿದವರು. ಈ ವರ್ಷ ಅವರ ಕಿವಿ ಹೋಯಿತು, ಹತ್ತಿರ ಬಂದು ಅರಚಿದರಷ್ಟೇ ಕೇಳುತ್ತದೆ. ಇದೇ ಕೊನೆಯ ಸಲ ಎಂದು ನಿನ್ನೆ ನನ್ನನ್ನೂ ಕರೆದುಕೊಂಡು ಹೋದರು.

"ಯಾರ್ದೋ ಮುಂದಿರೋದು?" ಎಂದು ಮಾವ ಕೇಳಿದರೆ, ನೆರೆಮನೆಯ ಎಮೆಟ್ ಮಾವನ ಕಿವಿಗೆ ಬಾಯಿಟ್ಟು ಅರಚಿದ: "ನಂದೇ ಕಣೋ! ನಿನ್ನ ಡೆಲ್ಲಾ ಎಲ್ಲೋ ಬಿದ್ದು ನಿದ್ದೆ ಹೊಡೀತಿರ್ಬೇಕು!"

"ಥೂ ಸುಳ್ಳಾ! ನನ್ನ ಕಿವಿ ನೆಟ್ಟಗಿದ್ದಾಗ ಈ ಮಾತು ಆಡ್ತಿದ್ಯೇನೋ?"

ಅಷ್ಟರಲ್ಲಿ ನರಿಯೇ ಬೆಂಕಿಯ ಬೆಳಕಿಗೆ ಬಂತು. ಹಿಮದ ಮೇಲೆ ಕೆಂಡದ ಬಣ್ಣ! ಒಂದು ಕಾಲೆತ್ತಿ ನಿಂತು, ನಮ್ಮನ್ನೆಲ್ಲ ನೋಡಿ, ಅವಸರವಿಲ್ಲದೆ ದಾಟಿಹೋಯಿತು. ಅದರ ಜಾಡು ಹಿಡಿದು ನಾಯಿಗಳು ನುಗ್ಗಿ ಬಂದವು. ಎಲ್ಲಕ್ಕಿಂತ ಮುಂದೆ ಮಾವನ ಡೆಲ್ಲಾ, ಬಾಯಿ ತೆರೆದು ಕೂಗುತ್ತ. ಬರೀ ಕೇಳಿಯೇ ಗೊತ್ತಿದ್ದ ಓಟವನ್ನು ಮಾವ ಮೊದಲ ಸಲ ಕಣ್ಣಾರೆ ಕಂಡರು. ಟೋಪಿ ತೆಗೆದು ಎದೆಗೆ ಒತ್ತಿಕೊಂಡು ನಿಂತೇಬಿಟ್ಟರು. ಎಮೆಟ್ ಬಗ್ಗಿ ಬೆಂಕಿಗೆ ಕಟ್ಟಿಗೆ ಒಟ್ಟತೊಡಗಿದ.

ಮಗುವಿನ ಕೆಮ್ಮು ಇಳಿದಿದೆ. ಉಣ್ಣೆಯ ಕಾಲುಚೀಲ ಕಳಿಸು. ಕಾಗದದಲ್ಲಿ ಜಾಗ ಮುಗಿಯಿತು, ನಾನು ಏಳಬೇಕು. ಇವತ್ತೂ ಹೋಗೋಣವಂತೆ, ಮಾವ ಬಾಗಿಲಲ್ಲಿ ಲಾಟೀನು ಹಿಡಿದು ನಿಂತಿದ್ದಾರೆ.

ನಿನ್ನ ತಮ್ಮ
ಲೆಸ್ಟರ್