ಅಕ್ಕನನ್ನು ವಾಪಸ್ ಕಳಿಸಿದ ಸಾಲು

ಮಸೇಗೊ ಅಕ್ಕಾ,

ನೀನು ಮಣ್ಣಾಗಿ ಆರು ವರ್ಷವಾಯಿತು. ಆದರೂ ಇದನ್ನು ನಿನಗೇ ಹೇಳಬೇಕು. ಇವತ್ತು ಬೆಳಿಗ್ಗೆ ರಾಜಧಾನಿ ಗ್ಯಾಬೊರೋನಿನ ಕವಾಯತು ಮೈದಾನದಲ್ಲಿ ನನ್ನ ಮಗಳು ಓನೀಲೆ ಬಂದೂಕು ಹಿಡಿದು, ಗಂಡಸರ ಜೊತೆಗೇ ಹೆಜ್ಜೆ ಹಾಕಿ ಕಾಲಾಳು ಪಡೆ ಸೇರಿದಳು. ಆಮೇಲೆ ಮರದ ನೆರಳಲ್ಲಿ ಊಟಕ್ಕೆ ಕೂತಾಗ ಕೇಳಿದಳು:

"ಅಪ್ಪಾ, ಓಟದಲ್ಲಿ ಅತ್ತೆ ನಿನ್ನನ್ನ ಯಾವಾಗ್ಲೂ ಸೋಲಿಸ್ತಿದ್ರಂತೆ. ಮತ್ತೆ ಅವರ್ಯಾಕೆ ಸೈನ್ಯ ಸೇರ್ಲಿಲ್ಲ?"

"ಸೇರೋಕೆ ಬಂದಿದ್ಲು ಕಣೇ. ಭರ್ತಿ ದಿನ ನನ್ನ ಜೊತೇಲೇ ಸಾಲಲ್ಲಿ ನಿಂತಿದ್ಲು. ಆಗ ಹೆಂಗಸರನ್ನ ತಗೋತಿರ್ಲಿಲ್ಲ."

"ವಾಪಸ್ ಕಳಿಸಿದಾಗ ಅತ್ತರಾ?"

"ಇಲ್ಲ. ತಲೆ ಎತ್ಕೊಂಡೇ ಹೋದ್ಲು."

ನಿನ್ನ ಬೆನ್ನ ಹಿಂದೆ ಇಡೀ ಸಾಲು ನಕ್ಕಿದ್ದು ನಿನಗೂ ಕೇಳಿಸಿರಬೇಕು. ಅದನ್ನು ಅವಳಿಗೆ ಹೇಳಲಾಗಲಿಲ್ಲ.

"ಆಗ ನೀನೇನ್ ಮಾಡ್ದೆ ಅಪ್ಪಾ?" ಎಂದಳು.

"ನಾನು ಸಾಲಲ್ಲೇ ನಿಂತಿದ್ದೆ" ಎಂದೆ.

ನಿನ್ನ ತಮ್ಮ,
ಮೊಲೇಫಿ