ಪಟ್ಟಿಯಲ್ಲಿ ಲಭ್ಯ

ಮಂಗಳವಾರ, ಮಾರ್ಚ್ 3. ಬೆಳಗಿನ ಜಾವ 3.40

ಡಬ್ಬದ ತಳಕ್ಕೆ ಚಮಚ ತಾಗಿದ ಸದ್ದಿಗೆ ಎಚ್ಚರವಾಯಿತು. ಅಡುಗೆಮನೆಯಲ್ಲಿ ಇವರು ಪುಟ್ಟಕ್ಕನಿಗೆ ಪುಡಿ ಕಲಸುತ್ತಿದ್ದಾರೆ. ಈ ಸರದಿ ಇವರದು, ನಾನು ಮಲಗಬೇಕು. ಆದರೆ ನಿದ್ದೆ... ಕಪಾಟಿನಲ್ಲಿ ಸೀಲ್ ಒಡೆಯದ ಡಬ್ಬ ಇನ್ನೊಂದಿದೆ. ಎದ್ದು ಹೋಗಿ ಮುಟ್ಟಿ ಬಂದೆ.

ಐದು ತಿಂಗಳ ಕೂಸು. ಹುಟ್ಟಿನಿಂದಲೇ ಅಪರೂಪದ ಕಾಯಿಲೆ, ಹಾಲಿನ ಪ್ರೋಟೀನ್ ಅರಗದೆ ರಕ್ತದಲ್ಲಿ ನಂಜಾಗುತ್ತದೆ. ಹಸುವಿನ ಹಾಲು ಅವಳ ಮೈಗೆ ವಿಷ. ನನ್ನದೂ ಅಷ್ಟೇ. ಈ ಪುಡಿಯೊಂದೇ ಗತಿ. ಕಳೆದ ತಿಂಗಳು ಸರ್ಕಾರ ಅದರ ಬೆಲೆಯನ್ನು ಅರ್ಧಕ್ಕಿಳಿಸಿತು. ಇಂಥ ಮಕ್ಕಳ ತಾಯಂದಿರದೇ ಒಂದು ಗ್ರೂಪಿದೆ, ಎಲ್ಲರೂ ಕುಣಿದಾಡಿದೆವು. ಅಂದಿನಿಂದ ಅಂಗಡಿಗಳಲ್ಲಿ ಒಂದು ಡಬ್ಬವೂ ಕಣ್ಣಿಗೆ ಬಿದ್ದಿಲ್ಲ.

ಮಧ್ಯಾಹ್ನ

ಔಷಧಿ ಅಂಗಡಿಯವನು ನನ್ನನ್ನು ಕಂಡ ಕೂಡಲೇ ತಲೆಯಾಡಿಸಿದ.

"ಇಲ್ಲ ಅಕ್ಕಾ. ಈ ಬೆಲೆಗೆ ಗಿಟ್ಟಲ್ಲ ಅಂತ ಕಂಪನಿಯವರು ಕಳಿಸೋದೇ ನಿಲ್ಲಿಸಿದ್ದಾರೆ."

"ಹಳೇ ಬೆಲೆಗೇ ತಗೋತೀನಪ್ಪ."

"ಹಾಗೆ ಮಾರಿದ್ರೆ ನನ್ನ ಲೈಸೆನ್ಸ್ ಹೋಗುತ್ತೆ. ಸದ್ಯಕ್ಕೆ ಸ್ಟಾಕ್ ಇರೋದು ಬೆಲೆಪಟ್ಟಿ ಒಂದೇ. ಬೇಕಾದ್ರೆ ಫ್ರೀಯಾಗಿ ತಗೊಂಡು ಹೋಗಿ."

ನಕ್ಕ. ನಾನೂ ನಕ್ಕೆ.

ಸರ್ಕಾರದ ಸಹಾಯವಾಣಿಗೆ ಫೋನ್ ಹಚ್ಚಿದೆ. ಬಹಳ ಮೃದುವಾದ ದನಿ.

"ನಮ್ಮ ಪಟ್ಟಿಯಲ್ಲಿ ಲಭ್ಯ ಅಂತಿದೆಯಲ್ಲ ಮೇಡಂ."

"ಎಲ್ಲಿ ಲಭ್ಯ?"

"ಪಟ್ಟಿಯಲ್ಲಿ."

ಬಿ.ಎ.ಯಲ್ಲಿ ಹತ್ತು ಅಂಕದ ಪ್ರಶ್ನೆ ಬರುತ್ತಿತ್ತು: ಮಾರುಕಟ್ಟೆ ಸೋತಲ್ಲಿ ಸರ್ಕಾರದ ಪಾತ್ರವೇನು, ಸರ್ಕಾರ ಸೋತಲ್ಲಿ ಮಾರುಕಟ್ಟೆಯದೇನು. ಪುಟಗಟ್ಟಲೆ ಬರೆಯುತ್ತಿದ್ದೆ. ಎರಡೂ ಒಟ್ಟಿಗೆ ಕೈಯೆತ್ತಿದರೆ? ಅದನ್ನು ಯಾರೂ ಕೇಳಲಿಲ್ಲ.

ಬುಧವಾರ, 4

ಶುಕ್ರವಾರ ದೊಡ್ಡಾಸ್ಪತ್ರೆಯಲ್ಲಿ ಸರ್ಕಾರವೇ ಪುಡಿ ಹಂಚುತ್ತದಂತೆ. ಟಿವಿಯಲ್ಲಿ ಬಂತು. ಮೈಯೆಲ್ಲ ಹಗುರ.

ಗ್ರೂಪಿನ ನಿಯಮ: ಡಬ್ಬ ಮಾರುವಂತಿಲ್ಲ, ಕೊಳ್ಳುವಂತಿಲ್ಲ. ಇದ್ದವರು ಇಲ್ಲದವರಿಗೆ ಕೊಡಬೇಕು, ಎಳೆ ಮಗುವಿಗೆ ಮೊದಲು. ಬರೆದವಳು ನಾನೇ — ಎಕನಾಮಿಕ್ಸ್ ಓದಿದವಳೆಂದು ಎಲ್ಲರೂ ಸೇರಿ ನನ್ನ ತಲೆಗೆ ಕಟ್ಟಿದ್ದರು. ಸಂಜೆ ಪಕ್ಕದ ಬೀದಿಯ ಅವಳಿಗಳ ತಾಯಿ ಬಂದಳು, ಗ್ರೂಪಿನವಳೇ. ಎರಡು ತಿಂಗಳ ಕೂಸುಗಳು, ಮನೆಯಲ್ಲಿ ಚಿಟಿಕೆ ಪುಡಿಯಿಲ್ಲ. ನಮ್ಮ ತೆರೆದ ಡಬ್ಬವನ್ನು ಶುಕ್ರವಾರದವರೆಗೆ ಎಳೆಯಬಹುದು... ಕಪಾಟಿನದನ್ನು ಕೊಟ್ಟುಬಿಟ್ಟೆ.

ಅವಳು ಮೆಟ್ಟಿಲಿಳಿದ ಕೂಡಲೇ ಅತ್ತೆ ಎದುರು ಬಂದು ನಿಂತರು.

"ಊರಿಗೆಲ್ಲ ಹಂಚೋಕೆ ನೀನೇನು ಸರ್ಕಾರಾನಾ?"

"ಎರಡು ದಿನದ ಮಾತು, ಅತ್ತೆ."

"ಅವರೂ ಹಾಗೇ ಅನ್ನೋದು."

ಶುಕ್ರವಾರ, 6

ಬೆಳಗಿನಿಂದ ಸಾಲು. ಕೊನೆಗೂ ಡಬ್ಬ ಕೈಗೆ ಬಂತು. ಎದೆಗವಚಿಕೊಂಡು ಡಾಕ್ಟರಮ್ಮನ ಹತ್ತಿರ ಓಡಿದೆ. ಲೇಬಲ್ ಓದಿದರು. ಮತ್ತೊಮ್ಮೆ ಓದಿದರು.

"ಇದು ವರ್ಷ ದಾಟಿದ ಮಕ್ಕಳದು. ನಿಮ್ಮ ಮಗೂಗೆ ಕೊಡೋ ಹಾಗಿಲ್ಲ."

"ತೆಳ್ಳಗೆ ಕಲಸಿದ್ರೆ, ಮೇಡಂ?"

"ನೀರು ಬೆರೆಸಿದ್ರೆ ಸರಿಹೋಗೋದಲ್ಲಮ್ಮ ಇದು."

ಟೆಂಡರಿನಲ್ಲಿ ಕಾಯಿಲೆಯ ಹೆಸರು ಬರೆದಿದ್ದರಂತೆ. ವಯಸ್ಸು ಬರೆದಿರಲಿಲ್ಲವಂತೆ. ಎಲ್ಲಕ್ಕಿಂತ ಅಗ್ಗದ್ದು ಬಂತು.

ಭಾನುವಾರ, 8. ಸಂಜೆ

ನಿನ್ನೆ ಬರೆಯಲಾಗಲಿಲ್ಲ. ಡಬ್ಬ ಖಾಲಿ. ಇವರು ಬೈಕಿನಲ್ಲಿ ಮೂರು ಊರು ಸುತ್ತಿ ಬರಿಗೈಯಲ್ಲಿ ಬಂದರು. ಹೆಲ್ಮೆಟ್ ತೆಗೆಯದೆ ಹಾಗೇ ಕುರ್ಚಿಯಲ್ಲಿ ಕೂತರು.

ನಾಚಿಕೆ ಬಿಟ್ಟು ಅವಳಿಗಳ ಮನೆಗೆ ಹೋದೆ. ಬಾಗಿಲಲ್ಲೇ ಕೇಳಿದೆ. "ಒಂದು ಹೊತ್ತಿಗಾಗುವಷ್ಟು ಕೊಡಮ್ಮಾ. ಸಾಕು."

ಅವಳು ಒಳಗೆ ನೋಡಿದಳು. ಎರಡೂ ಒಂದೇ ಹಾಸಿಗೆಯಲ್ಲಿ ಮಲಗಿದ್ದವು.

"ಎಳೆ ಮಗುವಿಗೆ ಮೊದಲು ಅಂತ ನೀವೇ ಬರೆದಿದ್ದಲ್ವಾ ಅಕ್ಕಾ." ಅಳುತ್ತಿದ್ದಳು. ಬಾಗಿಲು ಮಾತ್ರ ಮೆಲ್ಲಗೆ ಮುಚ್ಚಿಕೊಳ್ಳುತ್ತ ಬಂತು. ತಳ್ಳಬಹುದಿತ್ತು. ನನ್ನದೇ ಡಬ್ಬ.

ಮನೆಗೆ ಬಂದು ಪುಟ್ಟಕ್ಕನ ಬಟ್ಟೆ ಬದಲಿಸಿದೆ. ಉಚ್ಚೆಯಲ್ಲಿ ಸುಟ್ಟ ಸಕ್ಕರೆಯ ವಾಸನೆ. ಹಾಗೆ ಬಂದರೆ ನಂಜು ಏರಿದೆ ಎಂದರ್ಥ, ಒಂದು ಕ್ಷಣವೂ ಕಾಯಬೇಡಿ ಎಂದಿದ್ದರು ಡಾಕ್ಟರಮ್ಮ. ಹೊರಟೆವು.

ಸೋಮವಾರ, 9. ರಾತ್ರಿ 1.15. ದೊಡ್ಡಾಸ್ಪತ್ರೆ

ಡ್ರಿಪ್ ಹಾಕಿದ್ದಾರೆ. ಅಳುತ್ತಿಲ್ಲ. ಚಿವುಟಿದರೂ ಇಲ್ಲ. ಡ್ರಿಪ್ ಬೆಳಗಿನವರೆಗೆ ತಡೆದೀತು, ಆಮೇಲೆ ಪುಡಿ ಬೇಕೇ ಬೇಕು ಅಂದರು. ಇವರು ಕಾರಿಡಾರಿನಲ್ಲಿ ನಿಂತು ಗೊತ್ತಿದ್ದವರಿಗೆಲ್ಲ ಫೋನ್ ಮಾಡಿ ಮುಗಿಸಿದರು. ಈ ಹಾಳೆಯನ್ನು ಹರಿದು ಹೊರಗೇಟಿಗೆ ಅಂಟಿಸಲು ಹೇಳುತ್ತೇನೆ.

ಓದುತ್ತಿರುವವರೇ, ನೀವು ಯಾರಾದರೂ ಆಗಿರಿ. ವರ್ಷದೊಳಗಿನ ಮಕ್ಕಳ ಪುಡಿ. ತೆರೆದ ಡಬ್ಬವಾದರೂ ಸರಿ. ಗೋಡೌನಿನಲ್ಲಿ ಅಡಗಿಸಿಟ್ಟದ್ದಾದರೂ ಸರಿ, ಯಾಕೆ ಅಡಗಿಸಿದಿರಿ ಎಂದು ಕೇಳುವುದಿಲ್ಲ. ಹೇಳಿದಷ್ಟು ಕೊಡುತ್ತೇವೆ. ರಸೀದಿ ಬೇಡ. ಯಾವ ಆಫೀಸಿಗೂ ದೂರು ಕೊಡುವುದಿಲ್ಲ. ದಮ್ಮಯ್ಯ, ಬೆಳಗಾಗುವುದರೊಳಗೆ ಒಂದು ಫೋನ್ ಮಾಡಿ. ಎಷ್ಟು ಹೊತ್ತಿಗಾದರೂ. ಮೊದಲ ರಿಂಗಿಗೇ ಎತ್ತುತ್ತೇನೆ, ನಾನು ಮಲಗುವುದಿಲ್ಲ, ನಂಬರ್ ಬರೆದುಕೊಳ್ಳಿ, ಒಂಬತ್ತು, ಎಂಟು, ನಾಲ್ಕು —